ಲಸಿಕೆಗೂ ಮೊದಲು ತೆಗೆದ ರಕ್ತ

ಕಾಯಿಲೆಯೇ ಇಲ್ಲದವರ ಮೇಲೆ ಹೊಸ ಲಸಿಕೆಯನ್ನು ಪ್ರಯೋಗಿಸುವುದು ನ್ಯಾಯವೇ? ಕ್ಯಾನ್ಸರ್ ರೋಗಿಯೊಬ್ಬರು ಹೊಸ ಔಷಧದ ಪ್ರಯೋಗಕ್ಕೆ ಒಪ್ಪಿದರೆ, ಗುಣವಾದೀತೆಂಬ ಆಸೆಯಾದರೂ ಅವರಿಗಿರುತ್ತದೆ. ಡೆಂಗಿ ಲಸಿಕೆಗೆ ತೋಳು ಚಾಚುವ ಆರೋಗ್ಯವಂತರಿಗೆ ಅಂಥ ತುರ್ತೇನೂ ಇಲ್ಲ, ಅವರಿಗೆ ಸಿಗುವುದು ಬರೀ ಪ್ಲಸೀಬೊ (ಔಷಧವಿಲ್ಲದ ಹುಸಿ ಚುಚ್ಚುಮದ್ದು) ಕೂಡ ಆಗಿರಬಹುದು. ಆದರೂ ಬೇರೆ ದಾರಿಯಿಲ್ಲ. ಇಲಿಗಳಿಗೆ ಡೆಂಗಿ ಮನುಷ್ಯರಿಗೆ ಬರುವ ರೀತಿಯಲ್ಲಿ ಬರುವುದಿಲ್ಲ. ಮಂಗಗಳ ಮೈಯಲ್ಲಿ ವೈರಾಣು ಬೆಳೆದರೂ ಅವು ಹಾಸಿಗೆ ಹಿಡಿಯುವುದು ಅಪರೂಪ. ಲಸಿಕೆ ಪಡೆದವರು ಎಂದಿನಂತೆ ಬದುಕುತ್ತ, ಸೊಳ್ಳೆ ಕಚ್ಚಿಸಿಕೊಳ್ಳುತ್ತ ಇರಬೇಕು. ಅವರಲ್ಲಿ ಯಾರಿಗೆ ಜ್ವರ ಬಂತು, ಯಾರಿಗೆ ಬರಲಿಲ್ಲ ಎಂದು ಎಣಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಪನೇಸಿಯಾ ಬಯೋಟೆಕ್ ಕಂಪನಿ ಜೊತೆಗೂಡಿ 2024ರ ಆಗಸ್ಟ್‌ನಲ್ಲಿ ರೋಹ್ಟಕ್‌ನಿಂದ ಆರಂಭಿಸಿದ ‘ಡೆಂಗಿಆಲ್’ ಲಸಿಕೆಯ ಮೂರನೇ ಹಂತದ ಪ್ರಯೋಗಕ್ಕೆ 10,000ಕ್ಕೂ ಹೆಚ್ಚು ವಯಸ್ಕರು ಬೇಕಾದದ್ದು ಇದೇ ಕಾರಣಕ್ಕೆ. ಅವರ ಮೇಲೆ ಎರಡು ವರ್ಷ ನಿಗಾ ಇಡುವ ಯೋಜನೆ ಅದರಲ್ಲಿದೆ. ಇಂಥ ಪ್ರಯೋಗ ನ್ಯಾಯವೇ ಎಂಬುದು ತೀರ್ಮಾನವಾಗುವುದು ಸೂಜಿ ಚುಚ್ಚುವ ಗಳಿಗೆಯಲ್ಲಲ್ಲ. ಚುಚ್ಚುವುದಕ್ಕೆ ಮುಂಚೆ ಏನನ್ನು ತಿಳಿದುಕೊಂಡರು, ಚುಚ್ಚಿದ ಮೇಲೆ ಎಷ್ಟು ಕಾಲ ಗಮನಿಸಿದರು ಎಂಬುದರ ಮೇಲೆ ಅದು ನಿಂತಿದೆ.

ಡೆಂಗಿ ವೈರಾಣುವಿನಲ್ಲಿ ನಾಲ್ಕು ಬಗೆ. ಒಂದು ಬಗೆ ತಗುಲಿ ವಾಸಿಯಾದವರಿಗೆ ಅದೇ ಬಗೆ ಮತ್ತೆ ಕಾಡುವುದಿಲ್ಲ. ಆದರೆ ಇನ್ನೊಂದು ಬಗೆ ತಗುಲಿದಾಗ ಮೊದಲಿನ ಪ್ರತಿಕಾಯಗಳೇ ವೈರಾಣುವಿಗೆ ಜೀವಕೋಶದೊಳಗೆ ನುಗ್ಗಲು ನೆರವಾಗಿ, ಜ್ವರ ಪ್ರಾಣಾಪಾಯದ ಮಟ್ಟಕ್ಕೆ ಹೋಗಬಹುದು. ಅರೆಬರೆ ರಕ್ಷಣೆ ಕೊಡುವ ಲಸಿಕೆಯೂ ಇದೇ ಕೇಡು ಮಾಡಬಲ್ಲದು. ಸನೋಫಿ ಕಂಪನಿಯ ಡೆಂಗ್‌ವಾಕ್ಸಿಯಾ ಲಸಿಕೆಯ ವಿಷಯದಲ್ಲಿ ಆದದ್ದು ಅದೇ. 30,000ಕ್ಕೂ ಹೆಚ್ಚು ಮಕ್ಕಳು ಪಾಲ್ಗೊಂಡಿದ್ದ ಪ್ರಯೋಗಗಳಲ್ಲಿ ಸರಾಸರಿ ಫಲಿತಾಂಶ ಭರವಸೆ ಹುಟ್ಟಿಸುವಂತಿತ್ತು. ಆದರೆ ಲಸಿಕೆಗೂ ಮೊದಲು ರಕ್ತದ ಮಾದರಿ ತೆಗೆದಿಟ್ಟದ್ದು ಅವರಲ್ಲಿ ಒಂದು ಸಣ್ಣ ಪಾಲಿನಿಂದ ಮಾತ್ರ. ಹಾಗಾಗಿ ಯಾವ ಮಗುವಿಗೆ ಹಿಂದೆ ಡೆಂಗಿ ಬಂದಿತ್ತು, ಯಾವುದಕ್ಕೆ ಬಂದಿರಲಿಲ್ಲ ಎಂದು ಬೇರ್ಪಡಿಸಿ ನೋಡುವುದು ಕಷ್ಟವಾಯಿತು. ಫಿಲಿಪ್ಪೀನ್ಸ್ 2016ರಲ್ಲಿ ಶಾಲಾ ಮಕ್ಕಳಿಗೆ ಈ ಲಸಿಕೆ ಹಾಕಲು ಶುರುಮಾಡಿ 8 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ತಲುಪಿತು. 2017ರ ನವೆಂಬರ್‌ನಲ್ಲಿ ಕಂಪನಿಯೇ ಹೇಳಿತು: ಹಿಂದೆ ಡೆಂಗಿ ಬಾರದವರಿಗೆ ಈ ಲಸಿಕೆ ಕೊಟ್ಟರೆ ಮುಂದೆ ತೀವ್ರ ಡೆಂಗಿಯ ಅಪಾಯ ಹೆಚ್ಚು. ಕೆಲವೇ ಮಿಲಿಲೀಟರ್ ರಕ್ತವನ್ನು ಪ್ರತಿ ಮಗುವಿನಿಂದ ಮೊದಲೇ ತೆಗೆದಿಟ್ಟಿದ್ದರೆ ಈ ಸತ್ಯ ಎಷ್ಟೋ ಮುಂಚೆ ಹೊರಬೀಳುತ್ತಿತ್ತು.

ನಮ್ಮಲ್ಲಿ ಮಳೆಗಾಲ ಬಂದರೆ ಸಾಕು, ಆಸ್ಪತ್ರೆಗಳು ಜ್ವರದವರಿಂದ ತುಂಬುತ್ತವೆ, ಪ್ಲೇಟ್‌ಲೆಟ್‌ಗಾಗಿ ಮನೆಮಂದಿ ಅಲೆಯುತ್ತಾರೆ. ಕರ್ನಾಟಕ ಸರ್ಕಾರವೇ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಹೀಗಿರುವಾಗ ವರ್ಷಗಟ್ಟಲೆ ಕಾಯುವುದು ಕ್ರೌರ್ಯವಲ್ಲವೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ಹಗುರವಾದದ್ದಲ್ಲ. ಆದರೆ ಅವಸರದ ಬೆಲೆ ಡೆಂಗಿಗಷ್ಟೇ ನಿಲ್ಲುವುದಿಲ್ಲ. ಲಸಿಕೆಗಳು ಮುಖ್ಯವೆಂದು ದೃಢವಾಗಿ ನಂಬುವ ಫಿಲಿಪ್ಪೀನ್ಸಿನವರ ಪ್ರಮಾಣ 2015ರಲ್ಲಿ ಶೇ 93 ಇದ್ದದ್ದು 2018ಕ್ಕೆ ಶೇ 32ಕ್ಕೆ ಕುಸಿಯಿತು. 2019ರಲ್ಲಿ ಅಲ್ಲಿ ದಡಾರ ಭುಗಿಲೆದ್ದಿತು. ದಡಾರದ ಲಸಿಕೆಯಲ್ಲಿ ಯಾವ ದೋಷವೂ ಇರಲಿಲ್ಲ. ಕಾಯುವ ಅವಧಿಯಲ್ಲಿ ನಿಂತ ನೀರು ಖಾಲಿ ಮಾಡಿಸುವ, ಸೊಳ್ಳೆಪರದೆ ಒದಗಿಸುವ ಕೆಲಸಕ್ಕೆ ಯಾರ ಅಡ್ಡಿಯೂ ಇಲ್ಲ.

ಪ್ರಯೋಗಕ್ಕೆ ಕೊನೆಗೆ ಸಿಗುವವರು ಬಡವರೇ ಎಂಬ ಆಕ್ಷೇಪಕ್ಕೆ ನಮ್ಮ ದೇಶದಲ್ಲೇ ಆಧಾರವಿದೆ. ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನದಲ್ಲಿ ಎಷ್ಟೋ ಬಡ ಹುಡುಗಿಯರ ಪರವಾಗಿ ಸಹಿ ಹಾಕಿದವರು ಹಾಸ್ಟೆಲ್ ವಾರ್ಡನ್‌ಗಳು. 2010ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ವಯಸ್ಕರಿಂದ ಆರಂಭಿಸುವುದನ್ನು ನಾನು ಒಪ್ಪುವುದು ಇದಕ್ಕಾಗಿಯೇ. ವಯಸ್ಕರು ಪ್ರಶ್ನೆ ಕೇಳಬಲ್ಲರು, ಬೇಡವೆನ್ನಬಲ್ಲರು, ನಡುವೆಯೇ ಬಿಟ್ಟು ಬರಬಲ್ಲರು. ಆದರೆ ಅವರಿಂದ ಸಿಕ್ಕ ಉತ್ತರ ಎಲ್ಲರಿಗೂ ಸಲ್ಲುವುದಿಲ್ಲ ಎಂಬ ವಿವೇಕವೂ ಇರಬೇಕು. 2023ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಚಿಕುನ್‌ಗುನ್ಯಾ ಲಸಿಕೆ ಇಕ್ಸ್‌ಚಿಕ್‌ನ ಪರವಾನಗಿಯನ್ನು, ವಯಸ್ಸಾದವರಲ್ಲಿ ಗಂಭೀರ ತೊಂದರೆಗಳು ಕಂಡ ಮೇಲೆ 2025ರಲ್ಲಿ ಅಲ್ಲಿ ಅಮಾನತಿನಲ್ಲಿಡಲಾಯಿತು.

ಭಾರತದ 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳು ಪ್ರಯೋಗದಿಂದ ತೊಂದರೆಯಾದವರಿಗೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕೆನ್ನುತ್ತವೆ. ಅದಷ್ಟೇ ಸಾಲದು. ಡೆಂಗಿ ಹಿಂದೆ ಬಂದವರ ಫಲಿತಾಂಶವನ್ನೂ ಬಾರದವರ ಫಲಿತಾಂಶವನ್ನೂ, ನಾಲ್ಕು ಬಗೆಗೂ ಬೇರೆಬೇರೆಯಾಗಿ ಐಸಿಎಂಆರ್ ಜನರ ಮುಂದಿಡಲಿ, ಕನ್ನಡದಲ್ಲೂ ಇಡಲಿ. ಅಲ್ಲಿಯವರೆಗೆ ಡೆಂಗಿಆಲ್ ಲಸಿಕೆಯನ್ನು ಯಾವ ಶಾಲೆಯ ಅಂಗಳಕ್ಕೂ ತರಬಾರದು.