ಮೀನು ಹೊತ್ತೊಯ್ದದ್ದು ಯಾರ ಕಂಟಕ?



ನಿವೃತ್ತನಾದ ಮೇಲೆ ನಿಮ್ಮಲ್ಲಿ ಅನೇಕರ ಮನೆಗಳಿಗೆ ಹೋಗಿಬರುವ ಅವಕಾಶ ನನಗೆ ದೊರೆತಿದೆ. ಹಲವು ಮನೆಗಳ ಹಜಾರದಲ್ಲಿ ಗಾಜಿನ ಮೀನಿನ ತೊಟ್ಟಿಯೊಂದು ಕಾಣಸಿಗುತ್ತದೆ. ನೋಡಲು ಸೊಗಸು, ಸಂತೋಷ. ಆದರೆ ಮೀನು ಸತ್ತಾಗ ಕೇಳಿಬರುವ ಮಾತೊಂದಿದೆ: “ಮನೆಗೆ ಬರಬೇಕಿದ್ದ ಕಂಟಕವನ್ನು ಅದು ಹೊತ್ತುಕೊಂಡು ಹೋಯಿತು, ಮೇಷ್ಟ್ರೇ.” ಮರುದಿನವೇ ಹೊಸ ಮೀನು ಬರುತ್ತದೆ. ಎರಡು ವಾರ ಕಳೆಯುವುದರೊಳಗೆ ಅದೂ ಇನ್ನೊಂದು ಕಂಟಕವನ್ನು ಹೊತ್ತು ಹೊರಡುತ್ತದೆ. ಒಂದು ಸಂಸಾರಕ್ಕೆ ತಿಂಗಳಿಗೆ ಎರಡೆರಡು ಕಂಟಕಗಳು ಒದಗುವುದು ಸಾಧ್ಯವೇ?

ಈ ಮಾತನ್ನು ನಾನು ಒಪ್ಪಲಾರೆ. ಕೇವಲ ಮೂಢನಂಬಿಕೆಯೆಂದು ನಕ್ಕು ಸುಮ್ಮನಾಗುವುದೂ ನನ್ನಿಂದಾಗದು. ಏಕೆಂದರೆ ಈ ನಂಬಿಕೆಯಿಂದ ಒಂದು ಅನುಕೂಲವಿದೆ: ಸಾವಿನ ಕಾರಣ ಹುಡುಕುವ ಹೊಣೆ ತಪ್ಪುತ್ತದೆ. ತೊಟ್ಟಿಯ ಮೂಲೆಯಲ್ಲಿ ತಿಂಗಳುಗಟ್ಟಲೆ ಗುರುಗುಟ್ಟುತ್ತಿರುವ ಪಂಪನ್ನು ಬಿಚ್ಚಿ ನೋಡುವ ಕಷ್ಟವೂ ತಪ್ಪುತ್ತದೆ.

ಸಾರಜನಕ ಚಕ್ರವನ್ನು ನಿಮ್ಮಿಂದ ಬಾಯಿಪಾಠ ಮಾಡಿಸಿದ್ದು ನೆನಪಿರಬಹುದು. ಪರೀಕ್ಷೆಯಲ್ಲಿ ಬರೆದಿರಿ, ಅಂಕವನ್ನೂ ಪಡೆದಿರಿ. ಆ ಚಕ್ರವೇ ನಿಮ್ಮ ಹಜಾರದಲ್ಲಿ ಹಗಲಿರುಳು ನಡೆಯುತ್ತಿದೆ. ಮೀನು ಮುಖ್ಯವಾಗಿ ಕಿವಿರುಗಳ ಮೂಲಕ ಅಮೋನಿಯಾ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯಾವೇ. ಫಿಲ್ಟರಿನ ಸ್ಪಾಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಆ ವಿಷವನ್ನು ಮೊದಲು ನೈಟ್ರೈಟ್ ಆಗಿಯೂ, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಅವಕ್ಕೂ ಆಮ್ಲಜನಕ ಬೇಕು. ಅದನ್ನು ತಲುಪಿಸುವುದು ಹರಿಯುವ ನೀರು.

ಆ ನೀರನ್ನು ಹರಿಸುವ ಪಂಪಿನಲ್ಲಿ ತಿರುಗುವ ಭಾಗ ಒಂದೇ ಒಂದು. ಅಯಸ್ಕಾಂತದ ಪುಟ್ಟ ಉರುಳೆ, ಅದರ ತುದಿಯಲ್ಲಿ ರೆಕ್ಕೆಗಳು. ಇದಕ್ಕೆ ಇಂಪೆಲ್ಲರ್ ಎನ್ನುತ್ತಾರೆ. ಅದರ ಸುತ್ತ ಲೋಳೆ ಕಟ್ಟುತ್ತದೆ, ಪಾಚಿಯ ಎಳೆ ಸುತ್ತಿಕೊಳ್ಳುತ್ತದೆ, ಬೋರ್‌ವೆಲ್ಲಿನ ಗಡಸು ನೀರಾದರೆ ಸುಣ್ಣದ ಪೊರೆಯೂ ಸೇರುತ್ತದೆ. ಸದ್ದು ಕೇಳುತ್ತಲೇ ಇರುತ್ತದೆ, ಹರಿವು ಮಾತ್ರ ಕುಗ್ಗುತ್ತದೆ. ಬೇಸಗೆಯಲ್ಲಿ ಇದು ಇನ್ನೂ ಕಠಿಣ: 20 ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು, 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. ಆಗ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತವೆ. ಮನೆಯವರಿಗೆ ಅದು ಹಸಿವಿನಂತೆ ಕಾಣುತ್ತದೆ. “ಪಾಪ, ಹಸಿದಿವೆ” ಎಂದು ಇನ್ನೊಂದು ಹಿಡಿ ಆಹಾರ ಎರಚುತ್ತಾರೆ! ಉಸಿರಿಗಾಗಿ ಒದ್ದಾಡುವ ಜೀವಕ್ಕೆ ನಾವು ಸಲ್ಲಿಸುವ ಉಪಚಾರ ಇದು.

“ಕೆರೆಯನ್ನು ಯಾರು ತೊಳೆಯುತ್ತಾರೆ?” ಎಂದು ಬಂಧುವೊಬ್ಬರು ನನ್ನನ್ನೇ ಕೇಳಿದರು. ಕೆರೆಯಲ್ಲಿ ಕೆಸರಿದೆ, ಗಿಡಗಂಟಿಗಳಿವೆ, ಬಿಸಿಲು, ಗಾಳಿ, ಮಳೆಗಳಿವೆ. ಮೀನಿಗೆ ಈಜಿಹೋಗಲು ಬೇರೆ ಮೂಲೆಯಿದೆ. ಐವತ್ತು ಲೀಟರಿನ ಗಾಜಿನ ಪೆಟ್ಟಿಗೆಯಲ್ಲಿ ಇವಾವುವೂ ಇಲ್ಲ. ಅದನ್ನು ಅಲ್ಲಿ ತಂದಿಟ್ಟವರು ನಾವು. ಕೆರೆ ಮಾಡುತ್ತಿದ್ದ ಕೆಲಸವೂ ನಮ್ಮದೇ.

ಇದಕ್ಕೆ ವಿರುದ್ಧ ಪಂಗಡವೊಂದಿದೆ. ಅವರ ಮೇಲೂ ನನ್ನ ತಕರಾರಿದೆ. ವರ್ಷಕ್ಕೊಮ್ಮೆ ಹಬ್ಬದ ಹಿಂದಿನ ದಿನ ಇವರಿಗೆ ಮಡಿಯ ಆವೇಶ ಬರುತ್ತದೆ. ಪಾತ್ರೆ ತೊಳೆಯುವ ಸಾಬೂನಿನಿಂದ ಪಂಪನ್ನು ತಿಕ್ಕಿ, ಸ್ಪಾಂಜನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ಹಿಂಡಿ ಹಿಂಡಿ ಬಿಳುಪಾಗಿಸುತ್ತಾರೆ. ಉಪಕಾರಿ ಬ್ಯಾಕ್ಟೀರಿಯಾಗಳು ಅಲ್ಲಿಗೆ ಮುಗಿದಂತೆ. ನೀರು ಸ್ಫಟಿಕದಂತೆ ಹೊಳೆಯುತ್ತಿದ್ದರೂ ಅಮೋನಿಯಾ ಏರತೊಡಗುತ್ತದೆ, ಹಬ್ಬ ಕಳೆಯುವಷ್ಟರಲ್ಲಿ ಮತ್ತೆ ‘ಕಂಟಕ’.

ಮಾಡಬೇಕಾದದ್ದು ತಿಂಗಳಿಗೊಮ್ಮೆ ಅರ್ಧ ಗಂಟೆಯ ಕೆಲಸ. ಮೊದಲು ಪ್ಲಗ್ ಕಿತ್ತುಬಿಡಿ; ನೀರಿಗೆ ಕೈ ಹಾಕುವುದು ಆಮೇಲೆ. ತೊಟ್ಟಿಯದೇ ನೀರನ್ನು ಬಕೆಟ್ಟಿಗೆ ತೆಗೆದು ಸ್ಪಾಂಜನ್ನು ಅದರಲ್ಲಿಯೇ ಮೆಲ್ಲನೆ ಹಿಂಡಬೇಕು. ಅದು ಹೊಸದರಂತೆ ಕಾಣಬೇಕಾಗಿಲ್ಲ. ಪಂಪಿನ ಮುಚ್ಚಳ ತೆಗೆದು ಇಂಪೆಲ್ಲರನ್ನು ಹೊರಗೆಳೆಯಿರಿ. ನಡುವಿನ ಕಡ್ಡಿ ಅನೇಕ ಪಂಪುಗಳಲ್ಲಿ ಪಿಂಗಾಣಿಯದು, ಬಲ ಹಾಕಿದರೆ ಮುರಿಯುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಲೋಳೆ ಹೋಗುತ್ತದೆ. ಸುಣ್ಣ ಗಟ್ಟಿಯಾಗಿದ್ದರೆ ಸಮಪಾಲು ನೀರು ಬೆರೆಸಿದ ವಿನೆಗರಿನಲ್ಲಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ಜಾಲಿಸಿ. ಆಮ್ಲವು ಕಾರ್ಬೊನೇಟನ್ನು ಕರಗಿಸುವುದನ್ನು ಮಕ್ಕಳಿಗೆ ತೋರಿಸಲು ಬೇರೆ ಪ್ರಯೋಗಶಾಲೆ ಬೇಕಿಲ್ಲ. ಅವರನ್ನು ಮೊಬೈಲಿನಿಂದ ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮುಚ್ಚಿದ ಡಬ್ಬಿಯಂಥ ಫಿಲ್ಟರ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಕರೆಂಟು ಹಲವು ಗಂಟೆ ಹೋಗಿದ್ದರೆ, ಬಂದೊಡನೆ ಸ್ವಿಚ್ ಒತ್ತಬೇಡಿ. ಒಳಗೆ ನಿಂತ ನೀರು ಆಮ್ಲಜನಕವಿಲ್ಲದೆ ಕೆಟ್ಟಿರುತ್ತದೆ. ಅದನ್ನು ಹೊರಗೆ ಚೆಲ್ಲಿ, ಸ್ಪಾಂಜನ್ನು ತೊಟ್ಟಿಯ ನೀರಿನಲ್ಲಿ ಒಮ್ಮೆ ಅದ್ದಿ ತೆಗೆದ ಮೇಲೆಯೇ ಪಂಪನ್ನು ಓಡಿಸಿ.