ಐನೂರು ಡಾಲರಿನ ಪಂದ್ಯ

ಮದರಾಸಿನ ಸಮೀಪದ ಶೋಲಾವರಂನಲ್ಲಿ, ಮಹಾಯುದ್ಧದ ಕಾಲದ ವಿಮಾನ ಓಡುಪಥದ ಮೇಲೆ ಹಿಂದೆ ಮೋಟಾರು ಪಂದ್ಯಗಳು ನಡೆಯುತ್ತಿದ್ದುದು ನಮ್ಮ ಹಿರಿಯರಲ್ಲಿ ಕೆಲವರಿಗಾದರೂ ನೆನಪಿದ್ದೀತು. ಮದುವೆ ಮನೆಗೆ ನೆಂಟರನ್ನು ಕರೆತರುತ್ತಿದ್ದಂಥ ಫಿಯೆಟ್ ಕಾರುಗಳೇ ಅಲ್ಲಿ ಓಟಗಾರರಾಗಿ ನಿಲ್ಲುತ್ತಿದ್ದವು. ಮನೆಬಳಕೆಯ ಹಳೆಯ ಕಾರನ್ನು ಪಂದ್ಯಕ್ಕೆ ಸಜ್ಜುಗೊಳಿಸುವ ಈ ಹವ್ಯಾಸಕ್ಕೆ ಅಮೆರಿಕದಲ್ಲಿ 2006ರಿಂದ ಒಂದು ವಿನೋದದ ರೂಪವೂ ದೊರೆತಿದೆ.

ಫ್ರಾನ್ಸಿನ ಲ ಮಾನ್ ಊರಿನ 24 ಗಂಟೆಗಳ ಓಟ ಜಗತ್ಪ್ರಸಿದ್ಧ. ಅದನ್ನು ಅಣಕಿಸಿ ಅಮೆರಿಕನ್ನರು ತಮ್ಮ ಪಂದ್ಯಕ್ಕೆ ‘24 ಅವರ್ಸ್ ಆಫ್ ಲೆಮನ್ಸ್’ ಎಂದು ಹೆಸರಿಟ್ಟರು. ಕೈಕೊಡುವ ಕಾರನ್ನು ಅಲ್ಲಿ ‘ಲೆಮನ್’ ಅಂದರೆ ನಿಂಬೆಹಣ್ಣು ಎನ್ನುವುದು ವಾಡಿಕೆ.

ಮುಖ್ಯ ನಿಯಮ ಒಂದೇ: ಕಾರಿನ ಕ್ರಯ ಮತ್ತು ಅದರ ಓಟ ಸುಧಾರಿಸಲು ಮಾಡಿದ ವೆಚ್ಚ ಸೇರಿ 500 ಡಾಲರ್ ಮೀರಬಾರದು. ಕಳಚಿದ ಬಿಡಿಭಾಗಗಳನ್ನು ಮಾರಿ ಬಂದ ಹಣವನ್ನು ಲೆಕ್ಕದಲ್ಲಿ ಕಳೆದುಕೊಳ್ಳಬಹುದು. ಹೆಚ್ಚು ಸುರಿದದ್ದು ಪರೀಕ್ಷಕರ ಕಣ್ಣಿಗೆ ಬಿದ್ದರೆ ಪ್ರತಿ 10 ಡಾಲರಿಗೆ ಒಂದು ಸುತ್ತು ದಂಡ. ಕಾರುಗಳನ್ನು ಯೋಗ್ಯತೆಗೆ ತಕ್ಕಂತೆ ಮೂರು ವರ್ಗಗಳಾಗಿ ವಿಂಗಡಿಸುವರು. ಅಲ್ಲಿ ಅತಿ ದೊಡ್ಡ ಗೌರವ ಸಲ್ಲುವುದು ಎಲ್ಲರಿಗಿಂತ ಮುಂದೆ ಬಂದ ಕಾರಿಗಲ್ಲ. ‘ಇದು ಓಡೀತೇ’ ಎಂದು ನಕ್ಕವರನ್ನು ಬೆರಗುಗೊಳಿಸಿದ ಕಾರಿಗೆ.

ಇಷ್ಟು ಕಟ್ಟುನಿಟ್ಟಿನ ಈ ಲೆಕ್ಕದಲ್ಲಿ ಒಂದು ವಿನಾಯಿತಿ ಉಂಟು. ಕಾರು ಮಗುಚಿದರೂ ಚಾಲಕನನ್ನು ಕಾಯುವ ಉಕ್ಕಿನ ಕೊಳವೆಗಳ ಪಂಜರ, ಭುಜ-ಸೊಂಟಗಳನ್ನು ಬಿಗಿಯುವ ಪಟ್ಟಿ, ಪಂದ್ಯದ ಆಸನ, ಬೆಂಕಿ ಆರಿಸುವ ಸಾಧನ, ಬ್ರೇಕು – ಇವುಗಳ ಬೆಲೆ 500 ಡಾಲರಿನಲ್ಲಿ ಸೇರುವುದಿಲ್ಲ. ವೇಗಕ್ಕೆ ಮಿತಿ ಹಾಕಿದವರು ರಕ್ಷಣೆಗೆ ಮಿತಿ ಹಾಕಲಿಲ್ಲ. ಪಂಜರ ಸರಿಯಿಲ್ಲದ ಕಾರು ಪರಿಶೀಲನೆಯನ್ನು ದಾಟಿ ಅಂಗಳಕ್ಕೆ ಇಳಿಯಲಾರದು.

ನಮ್ಮ ಬೀದಿಗಳಲ್ಲಿ ನಡೆಯುತ್ತಿರುವುದು ಇದರ ತಿರುಗುಮುರುಗು. ಹದಿಹರೆಯದ ಹುಡುಗರು ಬೈಕಿನ ಸೈಲೆನ್ಸರ್ ಬದಲಿಸಲು ಸಾವಿರಾರು ರೂಪಾಯಿ ಕೂಡಿಸುತ್ತಾರೆ. ಒಳ್ಳೆಯ ಹೆಲ್ಮೆಟ್ಟಿಗೆ ಮಾತ್ರ ದುಡ್ಡಿಲ್ಲ. ತಯಾರಕರು ಕೊಟ್ಟ ಸ್ವರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿಷೇಧಿಸಿದೆ. ಪಂದ್ಯದ ಅಂಗಳದಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ. ನಮ್ಮ ರಸ್ತೆಯಲ್ಲಾದರೋ ಶಾಲೆ ಬಿಟ್ಟ ಮಕ್ಕಳು ಬರುತ್ತಾರೆ.

ಯಂತ್ರವನ್ನು ಬಿಚ್ಚಿ ಜೋಡಿಸುವ ಕುತೂಹಲ ಮಕ್ಕಳಲ್ಲಿದ್ದರೆ ಪಾಲಕರು ಅದನ್ನು ಚಿವುಟಬೇಕಾಗಿಲ್ಲ. ಅದು ವಿದ್ಯೆಯ ಬಾಗಿಲು. ಆದರೆ ಎಂಜಿನ್ನಿಗೆ ಕೈ ಹಾಕುವ ಮುನ್ನ ಬ್ರೇಕನ್ನು ಅರಿಯುವಂತೆ ಕಲಿಸೋಣ.