ಅಪ್ಪಣೆಗೆ ಮುನ್ನ ಒಂದು ಪ್ರಶ್ನೆ

ವಿಂಡೋಸ್ ಗಣಕಯಂತ್ರವಿರುವ ಪ್ರತಿಯೊಂದು ಮನೆಯಲ್ಲಿಯೂ ಪವರ್‌ಶೆಲ್ ಎಂಬ ಒಬ್ಬ ಆಳು ಇದ್ದಾನೆ. ಮನೆಯವರಲ್ಲಿ ಬಹುಮಂದಿ ಅವನ ಮುಖವನ್ನೇ ಕಂಡಿರಲಾರರು. ಅವನ ಬಳಿ ಚಿತ್ರಗಳಿಲ್ಲ, ಒತ್ತುವ ಗುಂಡಿಗಳಿಲ್ಲ. ಇರುವುದು ಒಂದು ಬರಿಯ ಫಲಕ, ಅದರ ಮೇಲೆ ಮಿನುಗುವ ಒಂದು ಗೆರೆ. ಅಲ್ಲಿ ಅಪ್ಪಣೆಯನ್ನು ಬರೆದು ಎಂಟರ್ ಕೀಲಿಯನ್ನು ಒತ್ತಿದರಾಯಿತು, ಕೆಲಸ ಮುಗಿಯಿತು. ಮಗಳ ಮದುವೆಯಲ್ಲಿ ತೆಗೆದ ಸಾವಿರ ಛಾಯಾಚಿತ್ರಗಳಿಗೂ ದಿನಾಂಕವಾರು ಹೊಸ ಹೆಸರಿಡೆಂದರೆ ಒಂದು ಸಾಲಿನಲ್ಲಿ ಇಟ್ಟುಕೊಡುತ್ತಾನೆ. ಸಾಲು ತಪ್ಪಿ, ಅಳಿಸೆಂದರೆ ಅಷ್ಟನ್ನೂ ಅಳಿಸಿಕೊಡುತ್ತಾನೆ. ಅವನು ಅಳಿಸಿದ ಕಡತ ಕಸದ ಬುಟ್ಟಿಗೂ ಹೋಗುವುದಿಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಈ ಆಳಿಗಾಗಿ ಹೊಸ ಹೊಸ ಉಪಕರಣಗಳು ವರ್ಷವಿಡೀ ಬರುತ್ತಲೇ ಇರುತ್ತವೆ. ಕೆಲವು ಅವನಿಗೆ ಹೊಸ ವಿದ್ಯೆಯನ್ನು ಕಲಿಸುವ ಮಾಡ್ಯೂಲುಗಳು. ಕೆಲವು ಅವನಿಗೆ ಬರೆಯುವ ಅಪ್ಪಣೆಗಳನ್ನು ತಿದ್ದಿಕೊಡುವ ಎಡಿಟರ್ ಸಾಧನಗಳು. ಇವುಗಳಲ್ಲಿ ಯಾವುದನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಕು, ಯಾವುದನ್ನು ಹೊಸಿಲಲ್ಲಿಯೇ ನಿಲ್ಲಿಸಿ ವಿಚಾರಿಸಬೇಕು ಎಂಬುದೇ ಈ ವಾರದ ಪ್ರಸ್ತಾಪ. ಆಳಿನ ಬಲವನ್ನು ಹೆಚ್ಚಿಸುವ ಸಾಧನಗಳಿಗಿಂತ ಯಜಮಾನನ ಕೈಯನ್ನು ಅರೆಗಳಿಗೆ ತಡೆದು “ಇದೇ ತಾನೆ ನಿಮ್ಮ ಮನಸ್ಸಿನಲ್ಲಿದ್ದುದು?” ಎಂದು ಕೇಳುವ ಸಾಧನಗಳೇ ಮೇಲೆಂಬುದು ನನ್ನ ಮತ.

ಮೊದಲು ಆಳಿನ ಪೂರ್ವೋತ್ತರವನ್ನಷ್ಟು ತಿಳಿಯೋಣ. ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯಲ್ಲಿದ್ದ ಜೆಫ್ರಿ ಸ್ನೋವರ್ ಎಂಬ ತಂತ್ರಜ್ಞರು 2002ರಲ್ಲಿ ‘ಮೊನಾಡ್’ ಎಂಬ ಹೆಸರಿನಿಂದ ಇವನ ಕಲ್ಪನೆಯನ್ನು ಬರೆದಿಟ್ಟರು. ಚಿತ್ರ ತೋರಿಸಿ ಇಲಿ ಒತ್ತಿಸುವುದೇ ನಾಗರಿಕತೆಯೆಂದು ನಂಬಿದ್ದ ಸಂಸ್ಥೆಯಲ್ಲಿ, ಅಕ್ಷರ ಬರೆದು ಯಂತ್ರವನ್ನಾಳುವ ಮಾತು ಯಾರಿಗೆ ರುಚಿಸೀತು? ಈ ಹಟಕ್ಕಾಗಿ ತಮಗೆ ಹಿಂಬಡ್ತಿಯೇ ದೊರೆಯಿತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆದರೂ 2006ರ ನವೆಂಬರಿನಲ್ಲಿ ಪವರ್‌ಶೆಲ್ ಹೊರಬಂದಿತು. 2016ರಲ್ಲಿ ಅದರ ಮೂಲಬರಹವನ್ನೇ ಲೋಕಕ್ಕೆ ತೆರೆದಿಟ್ಟು, ಲಿನಕ್ಸ್ ಮತ್ತು ಮ್ಯಾಕ್ ಯಂತ್ರಗಳಲ್ಲಿಯೂ ನಡೆಯುವಂತೆ ಮಾಡಿದರು.

ಇವನ ವೈಶಿಷ್ಟ್ಯ ಒಂದುಂಟು. ಯೂನಿಕ್ಸ್ ಮನೆತನದ ಹಳೆಯ ಆಳುಗಳು ಒಬ್ಬರಿಂದೊಬ್ಬರಿಗೆ ಕೆಲಸವನ್ನು ದಾಟಿಸುವಾಗ ಬರಿಯ ಅಕ್ಷರಗಳ ಸಾಲನ್ನು ದಾಟಿಸುತ್ತಿದ್ದರು. ಮೂರನೆಯ ಪದವೇ ಅಳತೆ, ಐದನೆಯದೇ ತಾರೀಖು ಎಂದು ಎಣಿಸಿಕೊಳ್ಳುವುದು ಮುಂದಿನವನ ಪಾಡು. ಪವರ್‌ಶೆಲ್ ವಸ್ತುವನ್ನೇ ದಾಟಿಸುತ್ತಾನೆ. ಕಡತವೆಂದರೆ ಅದರ ಹೆಸರು, ಅಳತೆ, ಹುಟ್ಟಿದ ದಿನ ಎಲ್ಲವೂ ಅದಕ್ಕೆ ಅಂಟಿಕೊಂಡೇ ಬರುತ್ತವೆ. ಅಡಿಗೆಯವನಿಗೆ ತರಕಾರಿಯ ಪಟ್ಟಿಯನ್ನು ಓದಿ ಹೇಳುವುದಕ್ಕೂ ಬುಟ್ಟಿಯನ್ನೇ ಮುಂದಿಡುವುದಕ್ಕೂ ಇರುವ ವ್ಯತ್ಯಾಸವಿದು.

ಆಗಿನವರ ಎಚ್ಚರಿಕೆಯೂ ಮೆಚ್ಚತಕ್ಕದ್ದೇ. 2000ದ ಮೇ ತಿಂಗಳಿನಲ್ಲಿ ‘ಐ ಲವ್ ಯೂ’ ಎಂಬ ಒಲವಿನೋಲೆ ಮಿಂಚಂಚೆಯಲ್ಲಿ ಜಗತ್ತನ್ನೆಲ್ಲ ಸುತ್ತಿತ್ತು. ಲಗತ್ತಿನ ಮೇಲೆ ಎರಡು ಬಾರಿ ಒತ್ತಿದವರ ಯಂತ್ರದಲ್ಲಿ ಸ್ಕ್ರಿಪ್ಟೊಂದು ತಾನೇ ತಾನಾಗಿ ಓಡಿ ಕಡತಗಳನ್ನು ಹಾಳುಗೆಡವಿತ್ತು. ಪವರ್‌ಶೆಲ್ ಸ್ಕ್ರಿಪ್ಟಿನ ಮೇಲೆ ಹಾಗೆ ಒತ್ತಿದರೆ ಅದು ಓಡುವುದಿಲ್ಲ. ನೋಟ್‌ಪ್ಯಾಡಿನಲ್ಲಿ ತೆರೆದುಕೊಂಡು, ಓದಿನೋಡಿ ಎನ್ನುತ್ತದೆ.

ಇನ್ನು ಮಾಡ್ಯೂಲುಗಳ ವಿಷಯ. ಇವು 2009ರ ಎರಡನೆಯ ಆವೃತ್ತಿಯೊಡನೆ ಬಂದವು. ಒಬ್ಬರು ಬರೆದ ಅಪ್ಪಣೆಗಳ ಕಟ್ಟನ್ನು ಮತ್ತೊಬ್ಬರು ತಂದು ತಮ್ಮ ಯಂತ್ರದಲ್ಲಿಟ್ಟುಕೊಳ್ಳಬಹುದು. ಇಂಥ ಕಟ್ಟುಗಳಿಗೆ ‘ಪವರ್‌ಶೆಲ್ ಗ್ಯಾಲರಿ’ ಎಂಬ ಒಂದು ಸಾರ್ವಜನಿಕ ಉಗ್ರಾಣವಿದೆ. ಉಗ್ರಾಣಕ್ಕೆ ಸಾಮಾನು ತಂದಿಡುವ ಹಕ್ಕು ಲೋಕಕ್ಕೆಲ್ಲ ಇರುವುದರಿಂದ ತೊಂದರೆಯೂ ಅಲ್ಲಿಂದಲೇ ಹುಟ್ಟಿತು. ಮೈಕ್ರೋಸಾಫ್ಟಿನ ಆಜ಼ೂರ್ ಸೇವೆಗೆ ಸೇರಿದ ಮಾಡ್ಯೂಲುಗಳ ಹೆಸರಿನಲ್ಲಿ ‘ಆಜ಼್’ ಎಂಬುದರ ಮುಂದೆ ಸಾಮಾನ್ಯವಾಗಿ ಒಂದು ಚುಕ್ಕಿಯುಂಟು. ಆದರೆ ‘ಆಜ಼್‌ಟೇಬಲ್’ ಎಂಬ ಜನಪ್ರಿಯ ಮಾಡ್ಯೂಲಿನ ಹೆಸರಿನಲ್ಲಿ ಚುಕ್ಕಿಯಿಲ್ಲ. 2023ರಲ್ಲಿ ಆಕ್ವಾ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು ಚುಕ್ಕಿಯಿಟ್ಟ ಹೆಸರಿನಲ್ಲಿ ತಮ್ಮದೊಂದು ನಿರಪಾಯದ ಕಟ್ಟನ್ನು ಉಗ್ರಾಣದಲ್ಲಿಟ್ಟು ನೋಡಿದರು. ಅದನ್ನು ಇಳಿಸಿಕೊಂಡ ಯಂತ್ರಗಳಿಂದ ಅವರಿಗೆ ಸುದ್ದಿ ಬರತೊಡಗಿತು! ಕಟ್ಟಿನ ಮೇಲೆ ಕರ್ತೃವಿನ ಹೆಸರನ್ನು ಬೇಕಾದಂತೆ ಬರೆದುಕೊಳ್ಳಬಹುದೆಂಬುದನ್ನೂ ಅವರು ತೋರಿಸಿಕೊಟ್ಟರು. ಒಂದು ಚುಕ್ಕಿಯ ಅಂತರದಲ್ಲಿ ಅಪರಿಚಿತನು ಅಡಿಗೆಮನೆಯವರೆಗೆ ಬಂದು ನಿಲ್ಲಬಲ್ಲನೆಂದರೆ ಇದು ಹುಡುಗಾಟದ ಮಾತಲ್ಲ.

ಉಗ್ರಾಣದಿಂದ ಸಾಮಾನು ತರುವ ಹಳೆಯ ಸಾಧನದ ಹೆಸರು ‘ಪವರ್‌ಶೆಲ್‌ಗೆಟ್’. ಅದರ ಸ್ಥಾನಕ್ಕೆ ‘ಪಿಎಸ್‌ರಿಸೋರ್ಸ್‌ಗೆಟ್’ ಎಂಬುದು 2023ರಲ್ಲಿ ಬಂದು, ಆ ವರ್ಷದ ನವೆಂಬರಿನಲ್ಲಿ ಪ್ರಕಟವಾದ 7.4ನೆಯ ಆವೃತ್ತಿಯಲ್ಲಿ ಸೇರಿಕೊಂಡಿತು. ಹಳೆಯದಕ್ಕಿಂತ ಚುರುಕು. ನನಗೆ ಅದರಲ್ಲಿ ಮೆಚ್ಚಿಕೆಯಾದುದು ವೇಗವಲ್ಲ, “ಈ ಉಗ್ರಾಣವನ್ನು ನೀವು ನಂಬಿಗಸ್ಥವೆಂದು ಗುರುತಿಸಿಲ್ಲ, ಆದರೂ ತರಲೇ?” ಎಂದು ಅದು ಹಳೆಯದರಂತೆಯೇ ಕೇಳುವ ಪ್ರಶ್ನೆ. ಈ ಪ್ರಶ್ನೆ ಬಂದೊಡನೆ ಹೂಂ ಎನ್ನುವುದು ನಮ್ಮ ಜನರಿಗೆ ರೂಢಿಯಾಗಿಬಿಟ್ಟಿದೆ. ಹೂಂ ಎನ್ನುವ ಮೊದಲು ಹೆಸರನ್ನು ಅಕ್ಷರ ಅಕ್ಷರವಾಗಿ ಓದಿಕೊಳ್ಳುವುದು, ಬೇಕಾದ ಆವೃತ್ತಿಯ ಸಂಖ್ಯೆಯನ್ನೂ ಅಪ್ಪಣೆಯಲ್ಲಿಯೇ ನಮೂದಿಸುವುದು, ಎರಡೂ ಅಗತ್ಯ. ಹೊಸ ಆವೃತ್ತಿಯನ್ನು ತಂದರೆ ಹಳೆಯದು ಅಳಿಯುವುದಿಲ್ಲ, ಪಕ್ಕದಲ್ಲಿಯೇ ಉಳಿಯುತ್ತದೆ. ಆದರೆ ಹೆಸರನ್ನಷ್ಟೇ ಹೇಳಿ ಕರೆದರೆ ಓಡಿಬರುವುದು ದೊಡ್ಡ ಸಂಖ್ಯೆಯದು.

ಎಡಿಟರ್ ಸಾಧನಗಳತ್ತ ಬರೋಣ. ವಿಂಡೋಸಿನೊಡನೆ ಬರುವ ಐಎಸ್ಇ ಎಂಬ ಬರೆಯುವ ಫಲಕಕ್ಕೆ ಈಗ ಹೊಸ ಸೌಕರ್ಯಗಳನ್ನು ಸೇರಿಸುತ್ತಿಲ್ಲ, ಅದು 5.1ನೆಯ ಆವೃತ್ತಿಯ ಆಚೆಗೆ ಹೋಗಲಾರದು. ಈಗ ಶಿಫಾರಸು ಮಾಡುವುದು ವಿಷುವಲ್ ಸ್ಟುಡಿಯೋ ಕೋಡ್ ಎಂಬ ಉಚಿತ ಎಡಿಟರನ್ನೂ ಅದರ ಪವರ್‌ಶೆಲ್ ಜೋಡಣೆಯನ್ನೂ. ಈ ಜೋಡಣೆಯೊಳಗೆ ‘ಸ್ಕ್ರಿಪ್ಟ್ ಅನಲೈಸರ್’ ಎಂಬ ಪರೀಕ್ಷಕನೊಬ್ಬನಿದ್ದಾನೆ. ಬರೆಯುತ್ತಿದ್ದಂತೆಯೇ, ಓಡಿಸುವುದಕ್ಕೆ ಮೊದಲೇ, ತಪ್ಪಿನ ಕೆಳಗೆ ಗೆರೆಯೆಳೆಯುತ್ತಾನೆ. ಗುಪ್ತಪದವನ್ನು ಬರಿಯ ಅಕ್ಷರಗಳಲ್ಲಿ ಸ್ವೀಕರಿಸಿದರೆ ಗದರುತ್ತಾನೆ. ಅಪ್ಪಣೆಗಳನ್ನು ಅಡ್ಡಹೆಸರಿನಿಂದ ಕರೆದರೆ ಪೂರ್ಣನಾಮ ಬರೆಯಿರೆನ್ನುತ್ತಾನೆ.

ಅವನಿಂದಾಗುವ ನಿಜವಾದ ಉಪಕಾರವನ್ನು ಒಂದು ದೃಷ್ಟಾಂತದಿಂದ ಹೇಳುತ್ತೇನೆ. ಹಳೆಯ ಕಡತಗಳನ್ನು ತೆಗೆಯುವ ಸ್ಕ್ರಿಪ್ಟೊಂದರ ಮೊದಲ ಸಾಲಿನಲ್ಲಿ, ಕಡತಗಳಿರುವ ಸ್ಥಳಕ್ಕೆ ‘ಫೋಲ್ಡರ್’ ಎಂದು ಹೆಸರಿಟ್ಟಿರೆನ್ನಿ. ಎರಡನೆಯ ಸಾಲಿನಲ್ಲಿ ಬೆರಳು ಜಾರಿ ‘ಫ್ಲೋಡರ್’ ಎಂದಾಯಿತು. ‘ಫ್ಲೋಡರಿನ ಕೆಳಗಿರುವುದನ್ನೆಲ್ಲ ಅಳಿಸು’ ಎಂದು ಅಪ್ಪಣೆಯಾಯಿತು. ಫ್ಲೋಡರ್ ಎಂಬುದೊಂದು ಇಲ್ಲವೇ ಇಲ್ಲ. ಆಳು ಅದಕ್ಕಾಗಿ ಗೊಣಗುವವನಲ್ಲ, ಇಲ್ಲದುದನ್ನು ಶೂನ್ಯವೆಂದೆಣಿಸುತ್ತಾನೆ. ಶೂನ್ಯದ ಮುಂದೆ ಉಳಿಯುವುದು ಓರೆಗೆರೆಯೊಂದು, ‘ಎಲ್ಲ’ ಎಂಬ ನಕ್ಷತ್ರವೊಂದು. ಆ ಎರಡರ ಅರ್ಥ ಆಗ ಕೆಲಸ ನಡೆಯುತ್ತಿರುವ ಡ್ರೈವಿನ ಬೇರಿನಿಂದ ಹಿಡಿದು ಎಲ್ಲವೂ ಎಂದು! ಎರಡಕ್ಷರದ ಅದಲುಬದಲಿನಿಂದ ಮನೆಯ ಲೆಕ್ಕ, ಮಕ್ಕಳ ಚಿತ್ರ, ಅಜ್ಜನ ಧ್ವನಿಮುದ್ರಿಕೆ ಎಲ್ಲವೂ ಹೋದಾವು. ಪರೀಕ್ಷಕನಾದರೋ ‘ಫೋಲ್ಡರ್’ ಎಂಬ ಪದದ ಕೆಳಗೆ ಗೆರೆಯೆಳೆದು, ಈ ಹೆಸರನ್ನಿಟ್ಟಿರಿ, ಆದರೆ ಎಲ್ಲಿಯೂ ಬಳಸಲಿಲ್ಲವೆಂದು ತಿಳಿಸುತ್ತಾನೆ. ಅಷ್ಟು ಸಾಕು. ಸ್ಕ್ರಿಪ್ಟಿನ ತಲೆಯಲ್ಲಿ ‘ಸೆಟ್-ಸ್ಟ್ರಿಕ್ಟ್‌ಮೋಡ್’ ಎಂಬ ಅಪ್ಪಣೆಯನ್ನೂ ಬರೆದಿದ್ದರೆ, ಇಲ್ಲದ ಹೆಸರು ಕಂಡಲ್ಲಿ ಆಳು ತಪ್ಪೆಂದು ಸಾರುತ್ತಾನೆ.

ಅಪ್ಪಣೆಯ ಸಾಲನ್ನು ತಿದ್ದುವ ‘ಪಿಎಸ್‌ರೀಡ್‌ಲೈನ್’ ಎಂಬ ಮಾಡ್ಯೂಲಿನ ವಿಷಯದಲ್ಲಿ ನನಗೆ ಅರೆಮನಸ್ಸು. 2020ರ 2.1ನೆಯ ಆವೃತ್ತಿಯಿಂದೀಚೆಗೆ ಅದು ಹಿಂದೆ ಬರೆದ ಸಾಲುಗಳನ್ನು ನೆನಪಿಟ್ಟು, ಎರಡಕ್ಷರ ಬರೆಯುವಷ್ಟರಲ್ಲಿ ಉಳಿದುದನ್ನು ಮಸುಕಾಗಿ ಮುಂದೆ ತೋರಿಸುತ್ತದೆ. ಬಲಬಾಣದ ಕೀಲಿಯನ್ನೊತ್ತಿದರೆ ಸಾಲು ಸಿದ್ಧ. ಸುಖವೇನೋ ಸುಖವೇ. ಆದರೆ ಹೋದ ತಿಂಗಳ ಅಳಿಸುವ ಅಪ್ಪಣೆಯೂ ಅದೇ ನೆನಪಿನಲ್ಲಿದೆಯಲ್ಲ! ಅಂಥ ಸಾಲನ್ನು ಮಾತ್ರ ಕೈಯಾರೆ ಬರೆಯುವುದೇ ಲೇಸು. ಗುಪ್ತಪದ ಮೊದಲಾದ ಸೂಚನೆಯಿರುವ ಸಾಲುಗಳನ್ನು ತನ್ನ ಶಾಶ್ವತ ಕಡತಕ್ಕೆ ಸೇರಿಸದಿರುವ ವಿವೇಕ ಅದಕ್ಕಿರುವುದು ಸಮಾಧಾನದ ವಿಷಯ.

ಪ್ರಶ್ನೆ ಕೇಳುವುದರಿಂದಲೂ ಕೆಲಸ ಕೆಡಬಹುದೆಂಬುದಕ್ಕೆ 2025ರ ಡಿಸೆಂಬರಿನ ಸಂಗತಿ ಸಾಕ್ಷಿ. ವಿಂಡೋಸಿನೊಡನೆ ಬರುವ 5.1ನೆಯ ಆವೃತ್ತಿಯಲ್ಲಿ, ಜಾಲದಿಂದ ಪುಟವನ್ನು ತರುವ ‘ಇನ್ವೋಕ್-ವೆಬ್‌ರಿಕ್ವೆಸ್ಟ್’ ಎಂಬ ಅಪ್ಪಣೆಯಿದೆ. ಆ ಪುಟದೊಳಗೆ ಅಡಗಿರುವ ಸ್ಕ್ರಿಪ್ಟು ತರುವಾಗಲೇ ಓಡಿಬಿಡುವ ಅಪಾಯವಿತ್ತು. ಆ ತಿಂಗಳ ತಿದ್ದುಪಡಿಯಿಂದ ಅಪ್ಪಣೆಯು ತಡೆದು, ಮುಂದುವರಿಯಲೇ ಎಂದು ಕೇಳತೊಡಗಿತು. ಒಳ್ಳೆಯದೇ. ಆದರೆ ಬೆಂಗಳೂರಿನಲ್ಲಿ ಕುಳಿತು ಪರದೇಶದ ಕಚೇರಿಗಳ ಯಂತ್ರಗಳನ್ನು ನೋಡಿಕೊಳ್ಳುವ ತರುಣ ತರುಣಿಯರನ್ನು ಕೇಳಿ: ರಾತ್ರಿ ಎರಡು ಗಂಟೆಗೆ ತಾನಾಗಿ ಓಡಬೇಕಾದ ಸ್ಕ್ರಿಪ್ಟು ಪ್ರಶ್ನೆ ಹಾಕಿದರೆ ಉತ್ತರ ಹೇಳಲು ಅಲ್ಲಿ ಯಾರಿದ್ದಾರೆ? ‘ಯೂಸ್‌ಬೇಸಿಕ್‌ಪಾರ್ಸಿಂಗ್’ ಎಂಬ ಪದವನ್ನು ಅಪ್ಪಣೆಯ ಕೊನೆಗೆ ಸೇರಿಸಿದರೆ ಪುಟವನ್ನು ಬರಿಯ ಅಕ್ಷರವಾಗಿ ತರುತ್ತದೆ. ಪ್ರಶ್ನೆಯೂ ಇಲ್ಲ, ಅಪಾಯವೂ ಇಲ್ಲ. ಏಳನೆಯ ಆವೃತ್ತಿಯವರಿಗೆ ಈ ತೊಡಕೇ ಇಲ್ಲ. ಇದಾದ ಮೇಲೂ ಹಳೆಯ ಆವೃತ್ತಿಗೇ ಜೋತುಬೀಳುವವರಿಗೆ ಏನು ಹೇಳೋಣ? ಎರಡೂ ಒಂದೇ ಯಂತ್ರದಲ್ಲಿ ಜಗಳವಿಲ್ಲದೆ ಬಾಳುತ್ತವೆ. 7.4ನೆಯದು ದೀರ್ಘಕಾಲ ಪೋಷಿಸಲ್ಪಡುವ ಆವೃತ್ತಿ. ಅದರ ಅವಧಿ 2026ರ ನವೆಂಬರಿನ ತನಕ.

ಕಡೆಯದಾಗಿ, ಹೊಸದೂ ಅಲ್ಲದ, ಹಣವೂ ಬೇಡದ ಒಂದು ಪದವುಂಟು: ‘ವಾಟ್‌ಇಫ್’. ಮೊದಲ ಆವೃತ್ತಿಯಿಂದಲೂ ಇದೆ. ಅಪ್ಪಣೆಯ ಕೊನೆಗೆ ಒಂದು ಅಡ್ಡಗೆರೆಯೊಡನೆ ಇದನ್ನು ಸೇರಿಸಿದರೆ ಆಳು ಏನನ್ನೂ ಮುಟ್ಟದೆ, ತಾನು ಏನೇನು ಮಾಡಬೇಕಾಗಿತ್ತೆಂಬುದನ್ನು ಮಾತ್ರ ಒಪ್ಪಿಸುತ್ತಾನೆ. ಫ್ಲೋಡರಿನ ಕಥೆಯಲ್ಲಿ ಈ ಪದವಿದ್ದಿದ್ದರೆ ಅಳಿಯಬೇಕಾದ ಹೆಸರುಗಳು ಮೊದಲೇ ಕಣ್ಣಿಗೆ ಬೀಳುತ್ತಿದ್ದವು. ಆದರೆ ಹೊರಗಿನಿಂದ ತಂದ ಮಾಡ್ಯೂಲುಗಳಲ್ಲಿ ಈ ಪದಕ್ಕೆ ಬೆಲೆ ಬರುವುದು ಅದನ್ನು ಬರೆದವರು ಮನಸ್ಸು ಮಾಡಿದ್ದರೆ ಮಾತ್ರ. ಕೆಲವರು ಮಾಡಿರುವುದಿಲ್ಲ. ಕೆಲವರು ಹೆಸರಿಗೆ ಒಪ್ಪಿಕೊಂಡು ಒಳಗೆ ಅಲಕ್ಷಿಸಿರುತ್ತಾರೆ. ಅಲ್ಲಿ ವಾಟ್‌ಇಫ್ ಎಂದರೂ ಕಡತ ಹೋಗುತ್ತದೆ. ಆದುದರಿಂದ ಹೊಸ ಮಾಡ್ಯೂಲು ಬಂದ ದಿನ ಬೇಡದ ನಾಲ್ಕು ಕಡತಗಳನ್ನು ಬೇರೆಯಾಗಿ ಒಂದು ಕಡೆ ಇಟ್ಟು, ಮೊದಲ ವಾಟ್‌ಇಫನ್ನು ಅವುಗಳ ಮೇಲೆ ಹೇಳಿ, ನಾಲ್ಕೂ ಉಳಿದವೋ ಇಲ್ಲವೋ ಎಣಿಸಿ ನೋಡಿರಿ.